ಮರಿಯಾಚಿ ಹುಟ್ಟಿದ ಜಾಗ

ಮೆಕ್ಸಿಕೋ ದೇಶದ ಪಶ್ಚಿಮಕ್ಕೆ ಹಲಿಸ್ಕೊ ಎಂಬ ಸೀಮೆಯಿದೆ. ಅಲ್ಲಿನ ಒಂದು ಊರಿನಲ್ಲಿ ಹಸಿಂತೊ ಎಂಬ ಮುದುಕ ಮರಿಯಾಚಿ ಕಲಿಸುತ್ತಿದ್ದ. ಪಿಟೀಲು, ಗಿಟಾರು, ತುತ್ತೂರಿ ಹಿಡಿದು ಮದುವೆಗೂ ಮಣ್ಣಿಗೂ ಹೋಗಿ ಹಾಡುವ ಮೇಳವೇ ಮರಿಯಾಚಿ.

ಎವೆಲಿಯಾ ಅವನ ಮೇಳದಲ್ಲಿ ಆರು ವರ್ಷದಿಂದ ಪಿಟೀಲು ನುಡಿಸುತ್ತಿದ್ದಳು. ಪಟ್ಟಣದ ವಾದ್ಯವೃಂದದ ಕೆಲಸ ಬಿಟ್ಟು, ಈ ಸಂಗೀತದ ಮೂಲ ತಿಳಿಯಬೇಕೆಂದು ಬಂದವಳು. ಸಿಕ್ಕಿದ್ದು ಕಾಲುನೋವು, ಬಸ್ಸಿನ ಧೂಳು, ಕರೆದವರು ಕೇಳಿದ ಅದದೇ ಹಾಡು. ಅವಳಿಗೆ ಸಾಕಾಗಿಹೋಗಿತ್ತು.

ಒಂದು ಬೆಳಿಗ್ಗೆ ಗಂಟುಮೂಟೆ ಕಟ್ಟಿಕೊಂಡು ಬಂದು ಗುರುವಿನ ಎದುರು ಕೂತಳು.

"ಗುರುಗಳೇ, ಮರಿಯಾಚಿ ಎಲ್ಲಿಂದ ಬಂತು? ಇವತ್ತಾದರೂ ಹೇಳಿ. ಇಲ್ಲದಿದ್ದರೆ ಸಂಜೆ ನಾನು ಹೊರಟೆ."

"ಓದಿದವಳು ನೀನು. ನೀನೇ ಹೇಳು."

"ಫ್ರೆಂಚರು ಮದುವೆಗೆ 'ಮರಿಯಾಜ್' ಅನ್ನುವ ಮಾತಿನಿಂದ ಬಂತು ಅಂತಾರೆ ಕೆಲವರು. ಫ್ರೆಂಚರು ದಂಡೆತ್ತಿ ಬರುವ ಮೊದಲೇ ಒಬ್ಬ ಪಾದ್ರಿ ಕಾಗದದಲ್ಲಿ ಆ ಹೆಸರು ಬರೆದಿದ್ದಾನಲ್ಲ ಅಂತಾರೆ ಇನ್ನು ಕೆಲವರು. ಇಲ್ಲಿನ ಮೂಲನಿವಾಸಿಗಳ ಮಾತು ಅನ್ನುವವರಿದ್ದಾರೆ. ಅದೊಂದು ಮರದ ಹೆಸರು, ಆ ಮರದ ಹಲಗೆಯ ಮೇಲೆ ಕುಣಿಯುತ್ತಿದ್ದರು ಅನ್ನುವವರೂ ಇದ್ದಾರೆ."

ಪಂಡಿತರು ಸೇರಿದ ಮೇಲೆ ಜಗಳಕ್ಕೇನು ಬರ?

"ಇದರಲ್ಲಿ ಯಾವುದು ನಿಜ?" ಎವೆಲಿಯಾಳೇ ಕೇಳಿದಳು.

"ನನಗೆ ಗೊತ್ತಿಲ್ಲಮ್ಮ," ಅಂದ ಹಸಿಂತೊ. "ನಮ್ಮಜ್ಜ ಹೊಲದಲ್ಲಿ ಕೂಲಿ ಮಾಡಿ, ಅದೇ ಬಿಳಿ ಅಂಗಿಯಲ್ಲಿ ನುಡಿಸೋಕೆ ಹೋಗ್ತಿದ್ದ. ನಾವು ಹಾಕೋ ಬೆಳ್ಳಿ ಗುಂಡಿಯ ಈ ಕೋಟು ಆಮೇಲೆ ಬಂತು. ತುತ್ತೂರಿಯೂ ಆಮೇಲೆಯೇ. ನೀನು ಕೇಳಿದ್ದನ್ನು ನಾನೂ ಅವನನ್ನು ಕೇಳಿದ್ದೆ. ಮಲಗೋಕೆ ಬಿಡು ಅಂದ."

ಎವೆಲಿಯಾಳಿಗೆ ಅಳು ಬಂತು. ಆರು ವರ್ಷ ಸವೆಸಿದ್ದು ಇದಕ್ಕೇನಾ?

ಅಷ್ಟರಲ್ಲಿ ಕರೆ ಬಂತು. ಕುಂಬಾರ ಮೊದೆಸ್ತೊನ ಹೆಂಡತಿ ರೊಮಾನಾ ತೀರಿಕೊಂಡಿದ್ದಳು. ಮಧ್ಯಾಹ್ನವೇ ಮಣ್ಣು.

"ಇದೊಂದಕ್ಕೆ ಬಂದು ಹೋಗು," ಅಂದ ಗುರು.

ಗುಂಡಿಯ ಬಳಿ ಮೊದೆಸ್ತೊ ಟೋಪಿ ತೆಗೆದು ನಿಂತ.

"ಅವಳಿಗಿಷ್ಟವಾದ ಹಾಡು ನಾನೇ ಹಾಡ್ತೀನಿ, ನೀವು ನುಡಿಸಿ. ನಲವತ್ತು ವರ್ಷ ಕೇಳಿದಳು, ಒಂದು ಸಲ ಹಾಡು ಅಂತ. ನಾಚಿಕೆ ಅಂತ ಹಾಡಲೇ ಇಲ್ಲ."

ಎರಡನೇ ಸಾಲಿಗೇ ಅವನ ಶ್ರುತಿ ತಪ್ಪಿತು. ದಾರಿಗೆ ಬರಲಿ ಎಂದು ಎವೆಲಿಯಾ ಸರಿಯಾದ ಸ್ವರವನ್ನು ಇನ್ನಷ್ಟು ಗಟ್ಟಿಯಾಗಿ ನುಡಿಸಿದಳು. ತಪ್ಪಿದ್ದು ಈಗ ಅವನಿಗೂ ಕೇಳಿಸಿತು. ಬಾಯಿ ಮುಚ್ಚಿಕೊಂಡ.

"ನನ್ನ ಕೈಲಾಗಲ್ಲ ಬಿಡಿ. ಇಳಿಸಿಬಿಡಿ ಅವಳನ್ನ."

ಹೆಣದ ಪೆಟ್ಟಿಗೆಯ ಹಗ್ಗ ಹಿಡಿದವರು ಬಾಗಿದರು.

"ತಡೀರಿ," ಅಂದ ಹಸಿಂತೊ. ಹೊಟ್ಟೆ ಉಬ್ಬಿದ ತನ್ನ ದೊಡ್ಡ ಗಿಟಾರನ್ನು ಎದೆಗೊತ್ತಿಕೊಂಡು, ಮೊದೆಸ್ತೊ ಬಿಟ್ಟ ಆ ತಪ್ಪು ಸ್ವರವನ್ನೇ ಹುಡುಕಿ ಮೀಟಿದ. "ಇಲ್ಲೇ ಇದ್ದಿರಲ್ಲ ಯಜಮಾನರೇ. ಇಲ್ಲಿಂದಲೇ ಹಾಡಿ."

ಮೊದೆಸ್ತೊ ಹಾಡಿದ. ಗಂಟಲು ಇನ್ನೂ ಕುಸಿಯಿತು. ಹಸಿಂತೊನ ಬೆರಳು ಅದರ ಹಿಂದೆಯೇ ಇಳಿಯಿತು. ತುತ್ತೂರಿಯವನು ತುತ್ತೂರಿ ಕೆಳಗಿಟ್ಟ.

ಎವೆಲಿಯಾಳ ಕೈ ಒಪ್ಪಲಿಲ್ಲ. ಬಾಲ್ಯದಿಂದ ಕಾಪಾಡಿಕೊಂಡ ಶ್ರುತಿ, ಊರೆಲ್ಲ ಕೇಳುವಂತೆ ಕೆಡಿಸುವುದು ಹೇಗೆ? ಅವಳು ಮೊದೆಸ್ತೊನ ಮುಖ ನೋಡಿದಳು. ಆಮೇಲೆ ಬೆರಳನ್ನು ತಂತಿಯ ಮೇಲೆ ಮೆಲ್ಲಗೆ ಜಾರಿಸಿ ಅವನ ಸ್ವರದ ಪಕ್ಕಕ್ಕೆ ಹೋದಳು.

ಕೊನೆಯ ಸಾಲಿನವರೆಗೂ ಅವನೇ ಹಾಡಿದ. ಹೆಂಗಸರು ಬಿಕ್ಕಿ ಅತ್ತರು. ರೊಮಾನಾಳನ್ನು ಇಳಿಸಿದರು.

ಹಿಂದಿರುಗುವಾಗ ಬಿಸಿಲು ಸುಡುತ್ತಿತ್ತು. ಅರ್ಧ ದಾರಿಯಲ್ಲಿ ಎವೆಲಿಯಾ ಗುರುವಿನ ಪಕ್ಕಕ್ಕೆ ಬಂದಳು.

"ನಾವು ನುಡಿಸಿದ್ದು ಯಾವ ಶ್ರುತಿಯಲ್ಲೂ ಇರಲಿಲ್ಲ ಗುರುಗಳೇ."

"ಇರಲಿಲ್ಲ."

"ಬೆಳಿಗ್ಗೆ ಕೇಳಿದ್ದಕ್ಕೆ ನೀವು ಉತ್ತರ ಕೊಡಲಿಲ್ಲ."

ಹಸಿಂತೊ ನಿಂತ. ಹೆಗಲಿನಿಂದ ಗಿಟಾರು ಇಳಿಸಿ ಅವಳತ್ತ ಚಾಚಿದ.

"ಅದು ಹುಟ್ಟಿದ್ದನ್ನು ಈಗ ತಾನೇ ನೋಡಿ ಬಂದೆಯಲ್ಲ. ತಗೋ, ಇದನ್ನು ಸ್ವಲ್ಪ ದೂರ ಹೊತ್ತುಕೋ. ನನಗೆ ಕೈ ಸೋತಿದೆ."