ಸೂಗಪ್ಪ ಮದುವೆಗೆ ಹಾಡು ತಂದದ್ದು

ಹತ್ತಿರ ಬಂದು ಕೂಡಿರಿ, ನಗು ಬಂದರೆ ತಡೆದುಕೊಳ್ಳಬೇಡಿ. ಹೊಳೆಯ ಈಚೆ ದಂಡೆಗೆ ಒಂದು ದೇಶ, ಆಚೆ ದಂಡೆಗೆ ಇನ್ನೊಂದು. ಈಚೆ ದಂಡೆಯಲ್ಲಿ ಹಂಪವ್ವ, ಅವಳಿಗೊಬ್ಬ ಮಗ ಸೂಗಪ್ಪ. ಶುದ್ಧ ಪೆದ್ದ! ಏನೋ ಪುಣ್ಯಕ್ಕೆ ಆಚೆ ದಂಡೆಯಲ್ಲಿ ಹೆಣ್ಣು ಕೊಡುವವರು ಸಿಕ್ಕರು. ಆದರೆ ಅವರದೊಂದು ಪದ್ಧತಿ: ಮದುಮಗ ಬಾಗಿಲಲ್ಲಿ ನಿಂತು ಹಾಡು ಹೇಳಬೇಕು. ಹಾಡಿಲ್ಲ ಅಂದರೆ ಹೆಣ್ಣಿಲ್ಲ!

"ಹೋಗಪ್ಪಾ, ಎಲ್ಲ್ಯಾರ ಒಂದು ಹಾಡು ತಗೊಂಡು ಬಾ," ಅಂದಳು ತಾಯಿ. "ಮಂದೀದು ತಗೊಂಡಾಗ ಮಾಡಿದವರ ಹೆಸರು ಜೋರಾಗಿ ಹೇಳು. ಹೆಸರು ನುಂಗಬ್ಯಾಡ!"

ಆಗಲಿ ಅಂದ, ಹೊರಟ. ದಾರಿಯಲ್ಲಿ ಹಿತ್ತಲು, ಹಿತ್ತಲಲ್ಲಿ ಕುಂಬಳಕಾಯಿ. ಹೆಗಲಿಗೆ ಏರಿಸಿಕೊಂಡು ಕೂಗುತ್ತ ನಡೆದ, "ಬಾಲಪ್ಪ ಬೆಳೆಸಿದ ಕಾಯಿ! ಬಾಲಪ್ಪ ಬೆಳೆಸಿದ ಕಾಯಿ!" ಬಾಲಪ್ಪ ಓಡಿ ಬಂದ, ಬೆನ್ನು ಮುರಿಯುವಂತೆ ಬಡಿದ.

ತಾಯಿ ಹಣೆ ಹಣೆ ಚಚ್ಚಿಕೊಂಡಳು. "ಕುಂಬಳಕಾಯಿ ಅಲ್ಲೋ ಮೂಳಾ, ಹಾಡು! ಕಟ್ಟಿದವರು ಸತ್ತು ಅರವತ್ತು ವರ್ಷ ಆತಂದ್ರ ಆ ಹಾಡು ಹೊಳಿ ನೀರಿದ್ದಂಗ, ಯಾರರ ತುಂಬಿಕೊಳ್ಳಬಹುದು."

ಆಗಲಿ ಅಂದ, ಹೊರಟ. ಹಾಡು ಕಟ್ಟುವ ಲಚಮವ್ವಜ್ಜಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅಜ್ಜೀ, ನೀ ಸಾಯೋದು ಯಾವಾಗ? ಜಲ್ದಿ ಹೇಳು! ಅದರ ಮ್ಯಾಲೆ ಅರವತ್ತು ವರ್ಷ ಕಾಯಬೇಕು, ನನಗ ಮದುವಿ ಐತಿ!"

ಅಜ್ಜಿ ಕಸಬರಿಗೆ ಎತ್ತಿದಳು. ಅಳುತ್ತ ಮನೆಗೆ ಬಂದ ಮಗನಿಗೆ ತಾಯಿಯ ಬೈಗುಳ ಬೇರೆ. "ಬದುಕಿದ್ದವರಿಗೆ ಸಾವು ಕೇಳ್ತಾರೇನೋ! ಕೈ ಮುಗಿದು ಒಪ್ಪಿಗಿ ಕೇಳು. ಏನು ಷರತ್ತು ಹಾಕ್ತಾರೋ ಅದಕ್ಕ ತಪ್ಪಬ್ಯಾಡ!"

ಆಗಲಿ ಅಂದ, ಮತ್ತೆ ಹೋದ. ಅಜ್ಜಿಯ ಮನಸ್ಸು ಮೆತ್ತಗಾಯಿತು. ಸಾಲು ತಪ್ಪಿದಾಗಲೆಲ್ಲ ತಲೆಗೊಂದು ಕುಟ್ಟಿ ಕುಟ್ಟಿ ಕಲಿಸಿದಳು. "ನಾ ಹೆಂಗ ಕೊಟ್ಟೆನೋ ನೀನೂ ಹಂಗ ಮಂದಿಗೆ ಕೊಡಬೇಕು, ಆತಿಲ್ಲೋ?"

ಬರುವಾಗ ಎದುರಿಗೆ ಊರಗೌಡ. ಸೂಗಪ್ಪ ಗೌಡನ ಪಟಗ ಸರಿಸಿ ತಲೆಗೆ ಟಣ್ ಅಂತ ಕುಟ್ಟಿದ. "ಲಚಮವ್ವಜ್ಜಿ ಕೊಟ್ಟದ್ದು ಇದು! ನೀನೂ ಹಿಂಗ ಮುಂದಿನವರಿಗೆ ಕೊಡು!" ಗೌಡನ ಆಳುಗಳು ಕೊಟ್ಟ ಏಟಿಗೆ ಕಲಿತ ಹಾಡೆಲ್ಲ ಮರೆತೇ ಹೋಯಿತು.

ಮದುವೆಗೆ ಉಳಿದದ್ದು ಒಂದೇ ದಿನ. ಪಾಪ, ಹಂಪವ್ವ ಕಣ್ಣೊರೆಸಿಕೊಂಡು ತಾನೇ ಒಂದು ಹಳೆಯ ಹಾಡು ಕಲಿಸಿದಳು. ಕಟ್ಟಿದ ಜೆಟ್ಟೆಪ್ಪ ಸತ್ತು ಅರವತ್ತೈದು ವರ್ಷ. ಯಾರ ಹಂಗೂ ಇಲ್ಲ!

ದಿಬ್ಬಣ ಹೊಳೆ ದಾಟಿತು. ಹೆಣ್ಣಿನ ಮನೆ ಬಾಗಿಲಲ್ಲಿ ಸೂಗಪ್ಪ ಗಂಟಲು ಸರಿ ಮಾಡಿಕೊಂಡು "ಇದು ಜೆಟ್ಟೆಪ್ಪ ಕಟ್ಟಿದ ಹಾಡು!" ಅಂದದ್ದೇ ತಡ, ಊಟಕ್ಕೆ ಬಂದಿದ್ದ ಚಾವಡಿಯ ಅಧಿಕಾರಿ ಎದ್ದು ನಿಂತ.

"ನಿಲ್ಲಸು! ನಿಮ್ಮ ದೇಶದಾಗ ಅರವತ್ತು, ನಮ್ಮ ದೇಶದಾಗ ಎಪ್ಪತ್ತು. ಇನ್ನೂ ಐದು ವರ್ಷ ಈ ಹಾಡು ಜೆಟ್ಟೆಪ್ಪನ ಮಕ್ಕಳದು!"

"ನಿಂತ ನೆಲದ ಕಾನೂನು ನಡಸಬೇಕಪ್ಪಾ, ಅವರನ್ನ ಹುಡುಕಿ ಕೇಳು!" ಅಂದಳು ತಾಯಿ.

ಹುಡುಕುವುದೇನು ಬಂತು! ಜೆಟ್ಟೆಪ್ಪನ ಒಬ್ಬನೇ ಮಗ ಅಡಿವೆಪ್ಪ ಅಲ್ಲೇ ಮಂಚದ ಮೇಲಿದ್ದ. ಮದುಮಗಳ ಅಜ್ಜ, ಬಾಯಲ್ಲಿ ಒಂದೂ ಹಲ್ಲಿಲ್ಲ. ಹಾಡಿನ ಮಾತು ಕೇಳಿ ಮುದುಕನ ಕಣ್ಣು ತುಂಬಿತು. "ನನ್ನ ಮದುವಿಗೆ ಅಪ್ಪ ಕಟ್ಟಿದ್ದಪ್ಪಾ ಇದು. ಹಾಡು, ಹಾಡು! ಆದ್ರ ಒಂದಕ್ಷರ ಬದಲಿ ಮಾಡಬ್ಯಾಡ."

ಸೂಗಪ್ಪ ಹಾಡಿದ.

"ಬಾಗಿಲ ತೆಗೀರವ್ವ, ಬಾಸಿಂಗ ನೋಡೀರವ್ವ,
ಮದುಮಗ ಅಡಿವೆಪ್ಪ ಬಂದಾನ..."

ಅಷ್ಟಕ್ಕೇ ನಿಂತ. ತನ್ನ ಬಾಸಿಂಗ ಬಿಚ್ಚಿದ, ಅಜ್ಜನ ಹಣೆಗೆ ಕಟ್ಟಿದ. ಅಜ್ಜನನ್ನು ಅನಾಮತ್ತಾಗಿ ಎತ್ತಿಕೊಂಡು ಹೋಗಿ ಹಸೆಮಣೆಯ ಮೇಲೆ, ಮೊಮ್ಮಗಳ ಪಕ್ಕದಲ್ಲೇ ಕೂರಿಸಿಬಿಟ್ಟ!

"ಏನು ಮಾಡಿದ್ಯೋ ಖೋಡೀ!" ಹಂಪವ್ವ ಬಾಯಿ ಬಾಯಿ ಬಡಿದುಕೊಂಡಳು.

"ಹಾಡಿನಾಗಿನ ಹೆಸರು ಬದಲಿ ಮಾಡಂಗಿಲ್ಲಲ್ಲ ಯವ್ವಾ, ಅದಕ್ಕ ಮದುಮಗನ್ನ ಬದಲಿ ಮಾಡೀನಿ!" ಅಂದ ಸೂಗಪ್ಪ, ಎಲೆ ಹಾಕಿದಲ್ಲಿಗೆ ಹೋಗಿ ಮೊದಲ ಸಾಲಿನಲ್ಲೇ ಊಟಕ್ಕೆ ಕುಳಿತ.