ದೊಡ್ಡ ರೆಕ್ಕೆಗೆ ಕೈ ಹಚ್ಚುವ ಮುನ್ನ

ಮಲಪ್ರಭೆಯ ದಂಡೆಯಲ್ಲಿ, ಊರಿನಿಂದ ಸ್ವಲ್ಪ ಆಚೆ, ಒಂದು ತಗಡಿನ ಶೆಡ್ಡು. ಜನ ಅದನ್ನೇ ಆಶ್ರಮ ಅನ್ನುತ್ತಿದ್ದರು. ಕಾವಿ ಇಲ್ಲ, ಹೋಮ ಇಲ್ಲ, ಜಾಗಟೆಯೂ ಇಲ್ಲ. ಬಾಗಿಲಿಗೆ ಹೋದರೆ ಅಂಟಿನ ವಾಸನೆ ಮಾತ್ರ ಗಪ್ಪನೆ ಮೂಗಿಗೆ ಬಡಿಯುತ್ತಿತ್ತು.

ಅಲ್ಲಿನ ಗುರು ಅಡಿವೆಪ್ಪ ಮಾಸ್ತರು. ಹರೆಯವೆಲ್ಲ ದೂರದ ಶಹರದಲ್ಲಿ ವಿಮಾನದ ನಕ್ಷೆ ಬರೆಯುತ್ತ ಕಳೆದು, ತಲೆ ನರೆತ ಮೇಲೆ ಇಲ್ಲಿಗೆ ಬಂದು ಮಕ್ಕಳಿಗೆ ವಿಮಾನ ಮಾಡುವುದನ್ನು ಕಲಿಸುತ್ತಿದ್ದರು. ಮಾತು ಕಡಿಮೆ. ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಟ್ಟರೆ ಅವತ್ತು ಮಾಸ್ತರಿಗೆ ಮೈಯಲ್ಲಿ ಹುಷಾರಿಲ್ಲ ಅಂತ ಮಕ್ಕಳು ತಿಳಕೊಳ್ಳುತ್ತಿದ್ದರು.

ಶೆಡ್ಡಿನ ನಡುವೆ ಒಂದು ದೊಡ್ಡ ಗ್ಲೈಡರ್ ನಿಂತಿತ್ತು. ಎಂಜಿನ್ ಇಲ್ಲದೆ ಗಾಳಿಯ ಮೇಲೇ ತೇಲುವ ವಿಮಾನ. ಒಬ್ಬರು ಕೂತು ಹಾರುವಂಥದ್ದು. ಮೈ ಮುಗಿದಿತ್ತು, ರೆಕ್ಕೆ ಇನ್ನೂ ಕಟ್ಟಿರಲಿಲ್ಲ. ಮಾಸ್ತರು ಹ್ಞೂಂ ಅನ್ನುವ ತನಕ ಆ ರೆಕ್ಕೆಯ ಕಟ್ಟಿಗೆಗೆ ಯಾರೂ ಕೈ ಹಚ್ಚುವಂತಿರಲಿಲ್ಲ.

ದಾಕ್ಷಾಯಿಣಿಗೆ ಆ ರೆಕ್ಕೆಯದೇ ಧ್ಯಾನ.

ಆಶ್ರಮದ ಹಿರಿಯ ಶಿಷ್ಯೆ ಅವಳು. ಫ್ರಾಕು ತೊಡುತ್ತಿದ್ದ ಕಾಲಕ್ಕೆ ಬಂದವಳು ಈಗ ಕಾಲೇಜು ಸೇರುವಷ್ಟು ಬೆಳೆದಿದ್ದಳು. ಕಟ್ಟಿಗೆ ಅವಳ ಕೈಯಲ್ಲಿ ಹೇಳಿದ ಮಾತು ಕೇಳುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಸ್ವಲ್ಪ ಜಾಸ್ತಿಯೇ ಗೊತ್ತಿತ್ತು ಅನ್ನಿ.

ಒಂದು ಬೆಳಿಗ್ಗೆ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

"ಮಾಸ್ತರ, ದೊಡ್ಡ ರೆಕ್ಕಿಗೆ ಕೈ ಹಚ್ಚಲೇನ್ರಿ?"

"ಅದರಾಗ ಯಾರು ಕುಂದ್ರತಾರ?"

"ನಾನ ಕುಂದ್ರತೀನ್ರಿ."

ಮಾಸ್ತರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿಕೊಂಡರು.

"ನಿನ್ನ ಸಣ್ಣ ವಿಮಾನ ತೋರಸು."

ದಾಕ್ಷಾಯಿಣಿ ತನ್ನ ಸಣ್ಣ ಗ್ಲೈಡರ್ ತಂದಳು. ದಂಡೆಯ ತುದಿಗೆ ನಿಂತು, ಬಲಗೈಯನ್ನು ಹಿಂದಕ್ಕೆ ಒಯ್ದು ಬೀಸಿ ಒಗೆದಳು. ಅದು ಬೇಸಿಗೆಗೆ ಸೊರಗಿದ ಹೊಳೆಯನ್ನು ದಾಟಿ, ಆಚೆ ದಂಡೆಯ ಉಸುಕಿನ ಮೇಲೆ ಮೆಲ್ಲಗೆ ಇಳಿಯಿತು.

"ಚಂದ ಹಾರಿತು," ಅಂದರು ಮಾಸ್ತರು.

"ಹಂಗಾರ ರೆಕ್ಕಿ?"

"ಈ ಸಲ ಸಣ್ಣ ಹುಡುಗರು ಬಂದಾರಲ್ಲ, ಅವರಿಗೆ ನೀ ಕಲಸು. ಎಲ್ಲಾರ ವಿಮಾನಾನೂ ಹೊಳಿ ದಾಟಲಿ. ಆಮ್ಯಾಲ ಬಂದು ಕೇಳು."

ಇಷ್ಟೇನಾ ಅಂದುಕೊಂಡಳು ದಾಕ್ಷಾಯಿಣಿ.

ತನ್ನ ವಿಮಾನವನ್ನು ಹಲಗೆಯ ಮೇಲಿಟ್ಟು ಮಕ್ಕಳನ್ನು ಸುತ್ತ ಕೂರಿಸಿದಳು.

"ಇದರ ಹಂಗ ಮಾಡ್ರಿ. ಕೂದಲೆಳಿಯಷ್ಟೂ ಆಚೀಚಿ ಆಗಬಾರದು."

ಮಕ್ಕಳು ನಾಲಿಗೆ ಕಚ್ಚಿಕೊಂಡು ಕೊರೆದರು, ಉಜ್ಜಿದರು, ಅಂಟು ಹಚ್ಚಿದರು, ಬೆರಳಿಗೂ ಹಚ್ಚಿಕೊಂಡರು. ಮುಗಿದ ಮೇಲೆ ಒಬ್ಬೊಬ್ಬರಾಗಿ ದಂಡೆಗೆ ಬಂದು ಒಗೆದರು. ವಿಮಾನಗಳು ಒಂದರ ಹಿಂದೆ ಒಂದು ಹೊಳೆ ದಾಟಿದವು. ಸಾವಂತ್ರಿಯದೊಂದು ಬಿಟ್ಟು.

ಸಾವಂತ್ರಿ ಎಲ್ಲರಿಗಿಂತ ಚಿಕ್ಕವಳು. ಎಲ್ಲದಕ್ಕೂ ಅವಳಿಗೆ ಎಡಗೈ. ಊಟಕ್ಕೆ ಮಾತ್ರ, ಅವ್ವನ ಬೈಗುಳಕ್ಕೆ ಹೆದರಿ, ಬಲಗೈ.

ಅವಳು ಒಗೆದ ವಿಮಾನ ಒಂದು ಮಾರು ಹೋಗುತ್ತಲೇ ಎಡಕ್ಕೆ ವಾಲಿ, ಗಿರ್ರನೆ ತಿರುಗಿ, ಮೂಗು ಮುಂದಾಗಿ ಉಸುಕಿಗೆ ಬಿತ್ತು. ಮತ್ತೆ ಒಗೆದಳು. ಮತ್ತೆ ಬಿತ್ತು.

"ಬಲಗೈಲೆ ಒಗಿ," ಅಂದಳು ದಾಕ್ಷಾಯಿಣಿ.

ಬಲಗೈಯಲ್ಲಿ ಒಗೆದರೆ ಬಲವೇ ಇಲ್ಲ. ಕಾಲ ಬುಡದ ನೀರಿಗೇ ಬಿತ್ತು. ಹುಡುಗರು ನಕ್ಕರು.

ಎಷ್ಟೋ ದಿನ ಹೀಗೇ ನಡೆಯಿತು. ದಾಕ್ಷಾಯಿಣಿಗೆ ತಾಳ್ಮೆ ಕೆಟ್ಟಿತು. ಸಾವಂತ್ರಿಯ ವಿಮಾನವನ್ನು ಕಸಿದುಕೊಂಡು ತಾನೇ ಒಗೆದಳು. ಅದು ಸರ್ರನೆ ಹೊಳೆ ದಾಟಿತು.

"ನೋಡಿದಿಲ್ಲ? ವಿಮಾನ ಸರಿ ಐತಿ. ನಿನ್ನ ಕೈಯ ಸರಿ ಇಲ್ಲ."

ಸಾವಂತ್ರಿ ತನ್ನ ಎಡಗೈಯನ್ನು ಲಂಗದ ಹಿಂದೆ ಸರಿಸಿಕೊಂಡಳು. ಮನೆಯಲ್ಲಿ ಕೇಳಿದ ಮಾತೇ ಅದು, ಶಾಲೆಯಲ್ಲೂ ಕೇಳಿದ್ದು. ಇಲ್ಲಿ ಮೊದಲ ಸಲ.

ದಾಕ್ಷಾಯಿಣಿ ಮಾಸ್ತರ ಹತ್ತಿರ ಹೋದಳು.

"ಎಲ್ಲಾರದೂ ದಾಟಿದುವ್ರಿ."

"ಸಾವಂತ್ರಿದು?"

"ಅದೂ ದಾಟಿತ್ರಿ. ನಾ ಒಗದೆ."

"ನಾ ಕೇಳಿದ್ದು ಸಾವಂತ್ರಿದು."

"ಆ ಹುಡುಗಿಗೆ ಇದು ಆಗಿ ಬರೂದಿಲ್ರಿ. ಅಂಟು ಕಲಸಾಕ, ಕಾಗದ ಕತ್ತರಿಸಾಕ ಹಚ್ಚೂಣು. ಆಕಿನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ."

ಬಾಗಿಲ ಹತ್ತಿರ ಏನೋ ಬಿದ್ದ ಸದ್ದಾಯಿತು. ದಾಕ್ಷಾಯಿಣಿ ತಿರುಗಿ ನೋಡಿದರೆ ಅಂಟಿನ ಡಬ್ಬಿ ಉರುಳಿತ್ತು, ಸಾವಂತ್ರಿ ಜಾಲಿ ಗಿಡದ ಕಡೆಗೆ ಓಡುತ್ತಿದ್ದಳು. ದಾಕ್ಷಾಯಿಣಿ ಡಬ್ಬಿಯನ್ನು ಎತ್ತಿ ನಿಲ್ಲಿಸಿದಳು. ಆಡಿದ ಮಾತಲ್ಲಿ ತಪ್ಪೇನಿದೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮಾಸ್ತರು ಬೈಯಲಿಲ್ಲ. ಕೈ ಚಾಚಿದರು.

"ನಿನ್ನ ವಿಮಾನ ಕೊಡು."

ಇಬ್ಬರೂ ದಂಡೆಗೆ ಬಂದರು. ಮಾಸ್ತರು ಅವಳ ವಿಮಾನವನ್ನು ಎಡಗೈಯಲ್ಲಿ ಹಿಡಿದು ಬೀಸಿ ಒಗೆದರು.

ಅದು ಎಡಕ್ಕೆ ವಾಲಿತು. ಗಿರ್ರನೆ ತಿರುಗಿತು. ಉಸುಕಿಗೆ ಬಿದ್ದಿದ್ದರೆ ಹೇಗೋ ಆಗುತ್ತಿತ್ತು, ಬಿದ್ದದ್ದು ಬಂಡೆಗೆ. ರೆಕ್ಕೆ ಲಟಕ್ಕನೆ ಮುರಿಯಿತು.

ದಾಕ್ಷಾಯಿಣಿ ಒಂದು ಇಡೀ ಮಳೆಗಾಲ ಕೂತು ಮಾಡಿದ ವಿಮಾನ ಅದು.

"ಮಾಸ್ತರ, ನೀವು ಎಡಗೈಲೆ ಒಗದ್ರಿ."

"ಹೌದು."

"ಅದು ಬಲಗೈದು ಐತ್ರಿ."

"ಯಾರು ಹೇಳಿದ್ರು?"

ದಾಕ್ಷಾಯಿಣಿ ಮುರಿದ ರೆಕ್ಕೆಯ ಕಡೆಗೆ ನೋಡಿದಳು.

"ನಕ್ಷೆದಾಗ ಬರದೀಯೇನು?"

"ಇಲ್ರಿ."

"ಹುಡುಗರಿಗೆ ಹೇಳೀಯೇನು?"

"ಇಲ್ರಿ. ನನಗೂ ಈಗ ತಿಳೀತ್ರಿ."

ಮಾಸ್ತರು ತಲೆಯಾಡಿಸಿ, ಚಹಾಕ್ಕೆ ಇಡಲು ಒಳಗೆ ಹೋದರು.

ಅವಳು ಮುರಿದ ವಿಮಾನವನ್ನು ಎತ್ತಿಕೊಂಡು, ಬಾಲವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಳು. ಬಾಲ ಎಡಕ್ಕೆ ಚೂರು ಬಾಗಿತ್ತು. ಬಾಗಿಸಿದವಳು ತಾನೇ. ಬಲಗೈಯಿಂದ ಒಗೆದಾಗ ವಿಮಾನ ಬಲಕ್ಕೆ ವಾಲುತ್ತಿತ್ತು, ಅದಕ್ಕೆ ದಿನವೂ ಬಾಲವನ್ನು ಇಷ್ಟಿಷ್ಟೇ ಎಡಕ್ಕೆ ತಿರುಗಿಸುತ್ತ ಬಂದಿದ್ದಳು. ಹಾಗೆ ಅದು ಅವಳ ಕೈಗೆ ಹೊಂದಿಕೊಂಡಿತ್ತು. ಕೂದಲೆಳೆಯಷ್ಟೂ ಆಚೀಚೆ ಆಗಬಾರದು ಅಂದಿದ್ದಕ್ಕೆ ಮಕ್ಕಳು ಆ ಬಾಗನ್ನೂ ಹಾಗೇ ಮಾಡಿದ್ದರು. ಎಲ್ಲರಿಗಿಂತ ಚಾಚೂ ತಪ್ಪದೆ ಮಾಡಿದವಳು ಸಾವಂತ್ರಿ.

ದಾಕ್ಷಾಯಿಣಿಗೆ ನಾಚಿಕೆಯಾಯಿತು. ಜಾಲಿ ಗಿಡದ ಕಡೆಗೆ ನಡೆದಳು.

ಸಾವಂತ್ರಿ ಮೊಣಕಾಲಿಗೆ ಗದ್ದ ಊರಿ ಕೂತಿದ್ದಳು.

"ನಾ ಬರೂದಿಲ್ಲಕ್ಕ. ನನ್ನ ಕೈ ಸರಿ ಇಲ್ಲ."

"ನಿನ್ನ ಕೈ ಸರಿ ಐತಿ. ನಾ ಮಾಡಿದ್ದ ಸರಿ ಇಲ್ಲ."

"ಸುಮ್ಮ ಅಂತಿ."

"ಸುಮ್ಮ ಅಲ್ಲವಾ. ನಂದೂ ಮುರೀತು ನೋಡಿಲ್ಲೆ."

ಸಾವಂತ್ರಿ ಮುರಿದ ರೆಕ್ಕೆಯನ್ನು ಮುಟ್ಟಿ ನೋಡಿದಳು. ತನ್ನ ದುಃಖ ಅಲ್ಲಿಗೇ ಬಿಟ್ಟು, "ಅಯ್ಯ ಪಾಪ," ಅಂದಳು. ಆ ಮಾತಿಗೆ ದಾಕ್ಷಾಯಿಣಿಯ ಕಣ್ಣು ತುಂಬಿ ಬಂತು.

ಅವಳು ಸಾವಂತ್ರಿಯನ್ನು ದಂಡೆಗೆ ಕರೆತಂದು, ಅವಳ ವಿಮಾನದ ಬಾಲವನ್ನು ಬಲಕ್ಕೆ ಬಾಗಿಸಿ ಕೊಟ್ಟಳು.

"ಎಡಗೈಲೆ ಒಗಿ. ಜೋರಾಗಿ."

ಸಾವಂತ್ರಿ ಒಗೆದಳು. ವಿಮಾನ ಹೊಳೆಯ ಮೇಲೆ ತೇಲುತ್ತ ಹೋಗಿ ಆಚೆ ದಂಡೆಗೆ ಇಳಿಯಿತು. ಹುಡುಗಿ ಕೂಗಲಿಲ್ಲ, ಕುಣಿಯಲಿಲ್ಲ. ತನ್ನ ಎಡಗೈಯನ್ನು ಹಿಂದೆ ಮುಂದೆ ಹೊರಳಿಸಿ ನೋಡಿಕೊಳ್ಳುತ್ತ ನಿಂತಳು.

ದಾಕ್ಷಾಯಿಣಿ ಹೊಳೆ ದಾಟಿ ವಿಮಾನ ತಂದು, ಅವಳನ್ನು ಕರಕೊಂಡು ಓಡುತ್ತ ಶೆಡ್ಡಿಗೆ ಬಂದಳು.

"ಮಾಸ್ತರ, ಸಾವಂತ್ರಿದು ದಾಟಿತ್ರಿ. ಆಕೀನ ಒಗದ್ಲು."

"ಭೇಷ್," ಅಂತ ಮಾಸ್ತರು ಎದ್ದು ಬಂದರು. ಸಾವಂತ್ರಿಯ ತಲೆ ಸವರಿದರು. ಅವಳ ವಿಮಾನ ಇಸಕೊಂಡು, ಈ ಸಲ ಬಲಗೈಯಲ್ಲಿ ಹಿಡಿದರು.

ಸಾವಂತ್ರಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು.

ವಿಮಾನ ಬಲಕ್ಕೆ ವಾಲಿ, ತಿರುಗಿ, ಉಸುಕಿಗೆ ಮೂಗು ಹೊಡೆಯಿತು.

ದಾಕ್ಷಾಯಿಣಿಗೆ ಸಿಟ್ಟು ನೆತ್ತಿಗೇರಿತು. "ಹಂಗಾರ ಏನ್ ಮಾಡ್ಲಿ ಹೇಳ್ರಿ. ಊರಾಗಿನ ಒಂದೊಂದು ಕೈಗೂ ಒಂದೊಂದು ವಿಮಾನ ಮಾಡಲೇನ್ರಿ?"

"ಮಾಡು. ನಾ ಯಾಕ ಬ್ಯಾಡ ಅನ್ಲಿ?" ಮಾಸ್ತರು ಶೆಡ್ಡಿನೊಳಗಿನ ಗ್ಲೈಡರ್ ಕಡೆಗೆ ನೋಡಿದರು. "ದೊಡ್ಡದು ಮಾತ್ರ ಒಂದ ಐತಿ."

ದಾಕ್ಷಾಯಿಣಿಯ ಸಿಟ್ಟು ಅಲ್ಲೇ ಇಳಿಯಿತು. ಯಾರ ಕೈಗಾದರೂ ಹೊಳೆ ದಾಟುವ ಒಂದೇ ವಿಮಾನ ಬೇಕಿತ್ತು.

ಮರುದಿನದಿಂದ ಅವಳೂ ಸಾವಂತ್ರಿಯೂ ಒಂದೇ ಹಲಗೆಯ ಎದುರು ಕೂತರು. ಬಾಲವನ್ನು ನೇರ ಮಾಡಿದರು. ವಿಮಾನ ಯಾವ ಕೈಯಲ್ಲಿ ಒಗೆದರೂ ತೂರಾಡಿ ಬಿತ್ತು. ಮೂಗಿಗೆ ಚೂರು ಮಣ್ಣು ಮೆತ್ತಿದರು. ಆಗಲೂ ಬಿತ್ತು.

"ಅಕ್ಕ, ರೆಕ್ಕಿ ತುದಿ ಒಂದಿಷ್ಟು ಮ್ಯಾಲ ಎತ್ತೂಣೇನು?" ಅಂದಳು ಸಾವಂತ್ರಿ.

ದಾಕ್ಷಾಯಿಣಿಗೆ ತಿಳಿಯದ್ದೇನಲ್ಲ ಅದು. ತುದಿ ಮೇಲೆತ್ತಿದ ರೆಕ್ಕೆ ಒಂದು ಕಡೆ ವಾಲಿದರೆ, ತಗ್ಗಿದ ಕಡೆಗೇ ಗಾಳಿಯ ಬಲ ಹೆಚ್ಚು ಸಿಕ್ಕು ಅದು ತಾನೇ ಮೇಲೆದ್ದು ಬರುತ್ತದೆ. ಆದರೆ ಹಾಗೆ ಎತ್ತಿದರೆ ವೇಗ ಕಡಿಮೆ, ಹೋಗುವ ದೂರವೂ ಕಡಿಮೆ. ದೂರದ ಆಸೆಗೇ ಅವಳು ತನ್ನ ರೆಕ್ಕೆಯನ್ನು ಹಲಗೆಯ ಹಾಗೆ ಚಪ್ಪಟೆ ಇಟ್ಟಿದ್ದಳು. ಈಗ ಎತ್ತಿದರೆ ಹೊಳೆ ದಾಟುತ್ತದೋ ಇಲ್ಲವೋ. ದಾಟದಿದ್ದರೆ ದೊಡ್ಡ ರೆಕ್ಕೆ ಕೈ ತಪ್ಪಿದಂತೆಯೇ.

ಸಾವಂತ್ರಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಎತ್ತೂಣು," ಅಂದಳು ದಾಕ್ಷಾಯಿಣಿ.

ಎತ್ತಿ ಕಟ್ಟಿದ ಮೇಲೆ ಸಾವಂತ್ರಿಗೆ ನಗು ತಡೆಯಲಿಲ್ಲ. "ಎಮ್ಮಿ ಕೋಡಿನಂಗ ಕಾಣತೈತಿ."

"ನಗಬ್ಯಾಡ. ನಮ್ಮದ ಎಮ್ಮಿ," ಅಂತ ದಾಕ್ಷಾಯಿಣಿಯೂ ನಕ್ಕಳು.

ಮಾಸ್ತರನ್ನು ಕರೆದರು. ಉಳಿದ ಮಕ್ಕಳೂ ಕೂಡಿದರು. ಮಾಸ್ತರು ಆ ವಿಮಾನವನ್ನು ಹಿಡಿದುಕೊಂಡು ದಂಡೆಯ ಎತ್ತರದ ಬಂಡೆ ಹತ್ತಿದರು. ಯಾವ ಕೈಯಲ್ಲಿ ಒಗೆಯುತ್ತಾರೋ ಅಂತ ದಾಕ್ಷಾಯಿಣಿ ನೋಡುತ್ತಿದ್ದಳು.

ಅವರು ಒಗೆಯಲೇ ಇಲ್ಲ. ಮೂಗು ಕೆಳಗೆ ಮಾಡಿ ಹಿಡಿದು, ಸುಮ್ಮನೆ ಕೈ ಬಿಟ್ಟರು.

ಸಾವಂತ್ರಿ ದಾಕ್ಷಾಯಿಣಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ವಿಮಾನ ಕಲ್ಲು ಬಿದ್ದಂತೆ ಬಿತ್ತು. ನೀರು ಇನ್ನೇನು ಹತ್ತಿರ ಅನ್ನುವಾಗ ಮೂಗು ಮೆಲ್ಲಗೆ ಮೇಲೆದ್ದಿತು. ಒಂದು ಸಲ ಎಡಕ್ಕೆ ವಾಲಿತು, ಒಂದು ಸಲ ಬಲಕ್ಕೆ, ಆಮೇಲೆ ತಾನೇ ಸರಿಯಾಗಿ ಹೊಳೆಯ ಮೇಲೆ ತೇಲುತ್ತ ಹೋಯಿತು. ಹೋಗಿ ಹೋಗಿ, ನಟ್ಟ ನಡುವಿನ ನೀರಿನ ಮೇಲೆ ಮೆತ್ತಗೆ ಕೂತಿತು.

ಹೊಳೆ ದಾಟಲಿಲ್ಲ.

ಸಾವಂತ್ರಿಗೆ ಅದರ ಖಬರೇ ಇಲ್ಲ. ಲಂಗ ಎತ್ತಿ ಕಟ್ಟಿ, ಮೊಣಕಾಲುದ್ದ ನೀರಲ್ಲಿ ವಿಮಾನ ತರಲು ಓಡಿದಳು. ಉಳಿದ ಮಕ್ಕಳೂ ಅವಳ ಹಿಂದೆ ಬಿದ್ದರು.

ಮಾಸ್ತರು ಬಂಡೆ ಇಳಿದು ಬಂದರು.

"ದಾಟಲಿಲ್ರಿ," ಅಂದಳು ದಾಕ್ಷಾಯಿಣಿ.

"ಇಲ್ಲ. ದಾಟಲಿಲ್ಲ."

"ನನ್ನ ಹಳೇದನ್ನ ನಾ ಒಗದಿದ್ರ ದಾಟತಿತ್ತು."

"ದಾಟತಿತ್ತು."

ಮಾಸ್ತರು ಶೆಡ್ಡಿಗೆ ಹೋಗಿ, ಕೈಯಲ್ಲಿ ಏನೋ ಹಿಡಿದುಕೊಂಡು ಹೊರಗೆ ಬಂದರು. ಅವಳ ಹಳೆಯ ವಿಮಾನ. ಮುರಿದ ರೆಕ್ಕೆಯನ್ನು ಯಾವಾಗಲೋ ಕೂಡಿಸಿ, ಅಂಟು ಹಚ್ಚಿ, ನುಣ್ಣಗೆ ಉಜ್ಜಿಟ್ಟಿದ್ದರು. ಬಾಲದ ಬಾಗು ಇದ್ದ ಹಾಗೇ ಇತ್ತು.

"ತಗೋ. ಸಾವಂತ್ರಿ ಪರವಾಗಿ ಇದನ್ನ ಒಗಿ. ನೀರಾಗ ಬಿದ್ದದ್ದ ದಾಟಿತು ಅಂತ ತಿಳಕೊಂತೀನಿ."

ದಾಕ್ಷಾಯಿಣಿ ಅದನ್ನು ಕೈಗೆ ತಗೊಂಡಳು. ಬೆರಳುಗಳು ತಮ್ಮ ಜಾಗ ತಾವೇ ಹುಡುಕಿಕೊಂಡವು. ಒಂದು ಸಲ ಬೀಸಿದ್ದರೆ ಸಾಕಿತ್ತು. ಅವಳು ಅದರ ರೆಕ್ಕೆಯನ್ನು ಒಮ್ಮೆ ಸವರಿ, ಬಂಡೆಯ ಮೇಲೆ ಇಟ್ಟುಬಿಟ್ಟಳು.

"ಬ್ಯಾಡ್ರಿ ಮಾಸ್ತರ. ಆಕೀದು ಅಲ್ಲೆ ನೀರಾಗ ಐತಿ. ಅದ ಆಕೀದು."

ಮಾಸ್ತರು ಶೆಡ್ಡಿನ ಕಡೆಗೆ ಗದ್ದ ಮಾಡಿ ಕೇಳಿದರು.

"ಆ ದೊಡ್ಡದರಾಗ ಯಾರು ಕುಂದ್ರತಾರ?"

ದಾಕ್ಷಾಯಿಣಿ ಹೊಳೆಯ ಕಡೆಗೆ ನೋಡಿದಳು. ಸಾವಂತ್ರಿ ನಡು ಹೊಳೆಯಲ್ಲಿ ನಿಂತು, ತೊಯ್ದ ವಿಮಾನವನ್ನು ಎಡಗೈಯಲ್ಲಿ ಬಿಸಿಲಿಗೆ ಎತ್ತಿ ಹಿಡಿದಿದ್ದಳು. ನನಗ ಕೊಡು, ನನಗ ಕೊಡು ಅಂತ ಮಕ್ಕಳೆಲ್ಲ ಅವಳ ಸುತ್ತ ಕೈ ಚಾಚಿದ್ದರು.

"ಗೊತ್ತಿಲ್ರಿ ಮಾಸ್ತರ. ಯಾರು ಬೇಕಾದ್ರೂ ಕುಂದ್ರಬಹುದು."

"ಹಂಗಾರ ಕೈ ತೊಳಕೊಂಡು ಬಾ," ಅಂದರು ಮಾಸ್ತರು. "ಬರೂಮುಂದ ಆಕಿನ್ನೂ ಕರಕೊಂಡು ಬಾ. ಎಡಗಡಿ ರೆಕ್ಕಿ ಹಿಡಿಯಾಕ ಒಬ್ಬರು ಬೇಕು."