ವೈದ್ಯೆಯೂ ಕುಂಬಾರನೂ

"ಗುರುಗಳೇ, ದುಃಖದಲ್ಲಿ ಬುದ್ಧಿಗೆಟ್ಟು ಕೈಮಾಡಿದವನನ್ನು ದೂರಬಹುದೇ?" ಎಂದು ಶಿಷ್ಯ ಕೇಳಿದ. ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಗುರುಗಳು ಹೇಳಿದರು:

ಒಂದು ಊರಿಗೆ ಒಬ್ಬಳೇ ವೈದ್ಯೆ. ಒಂದು ಮಧ್ಯಾಹ್ನ ನೇಕಾರನೊಬ್ಬ ತನ್ನ ಅಣ್ಣನನ್ನು ಹೊತ್ತು ತಂದ. ಹಾವು ಕಚ್ಚಿದ್ದು ಬೆಳಗ್ಗೆ. ಅದುವರೆಗೂ ಮಂತ್ರ ಹಾಕಿಸುತ್ತ ಕೂತಿದ್ದರು. ವೈದ್ಯೆ ತನ್ನಲ್ಲಿದ್ದ ಮದ್ದನ್ನೆಲ್ಲ ಕೊಟ್ಟಳು. ಉಸಿರು ನಿಲ್ಲುವವರೆಗೂ ಅವನ ಪಕ್ಕದಿಂದ ಏಳಲಿಲ್ಲ. ಅಣ್ಣ ಸತ್ತ. "ನೀನೇ ಕೊಂದೆ" ಎಂದು ನೇಕಾರ ಅಲ್ಲಿದ್ದ ಮಣೆಯಿಂದ ಅವಳ ತಲೆಗೆ ಹೊಡೆದ. ಬಿದ್ದ ಮೇಲೂ ಹೊಡೆದ. ಜಗಲಿಯಲ್ಲಿ ನಲವತ್ತು ಜನ ನಿಂತು ನೋಡುತ್ತಿದ್ದರು. ಅವರಲ್ಲಿ ಒಬ್ಬ ಕುಂಬಾರನೂ ಇದ್ದ.

ಗಾಯ ಮಾಯಲು ಎರಡು ತಿಂಗಳು ಹಿಡಿಯಿತು. ವೈದ್ಯೆ ಊರು ಬಿಡಲಿಲ್ಲ. ಮತ್ತೆ ಬಾಗಿಲು ತೆರೆದು ಕೆಮ್ಮಿಗೆ, ಜ್ವರಕ್ಕೆ, ಕಜ್ಜಿಗೆ ಮದ್ದು ಕೊಟ್ಟಳು. ಆದರೆ ಯಾರಾದರೂ ಜೋರಾಗಿ ಹೆಜ್ಜೆಯಿಟ್ಟು ಒಳಗೆ ಬಂದರೆ ಥಟ್ಟನೆ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಲ್ಲುವಳು. ಜೀವಕ್ಕೆ ಕುತ್ತಿರುವ ರೋಗಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ಆ ವರ್ಷವೇ ಕುಂಬಾರನ ಹೆಂಡತಿಗೆ ಹೆರಿಗೆ ಕಷ್ಟವಾಯಿತು. ಮಗು ಅಡ್ಡ ತಿರುಗಿತ್ತು. ಅಂಥ ಹೆರಿಗೆಗಳನ್ನು ವೈದ್ಯೆ ಹಿಂದೆ ಎಷ್ಟೋ ಮಾಡಿಸಿದ್ದಳು. ಅವಳು ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟಳು. ಬಾಗಿಲಲ್ಲಿ ನೆರೆದಿದ್ದ ನೆಂಟರನ್ನು ನೋಡಿದಳು. ಕೈ ತೆಗೆದಳು.

"ಪಟ್ಟಣಕ್ಕೆ ಕರೆದುಕೊಂಡು ಹೋಗಪ್ಪ."

"ಎಂಟು ಹರದಾರಿ, ತಾಯೀ. ಅಷ್ಟು ದೂರ ಇವಳು ತಡೆಯುವುದಿಲ್ಲ."

"ಕರೆದುಕೊಂಡು ಹೋಗು."

ಅರ್ಧ ದಾರಿಯಲ್ಲಿ, ಗಾಡಿಯಲ್ಲೇ ಅವಳು ತೀರಿಕೊಂಡಳು. ಮಗುವೂ ಉಳಿಯಲಿಲ್ಲ.

ತಿಥಿ ಕಳೆದ ಮೇಲೆ ಕುಂಬಾರ ಬಂದು ವೈದ್ಯೆಯ ಮುಂದೆ ನಿಂತ. "ತಾಯೀ, ಅವತ್ತು ನಿಮಗೆ ಹೊಡೆದವನು ನಾನಲ್ಲವಲ್ಲ" ಎಂದ.

"ಬಲ್ಲೆ. ನೀನು ಕಂಬಕ್ಕೆ ಒರಗಿ ನಿಂತಿದ್ದೆ" ಎಂದಳು ವೈದ್ಯೆ. "ನಿನ್ನ ಹೆಂಡತಿಯನ್ನು ಉಳಿಸಬಹುದಿತ್ತೇನೋ. ನನಗೆ ಧೈರ್ಯ ಬರಲಿಲ್ಲವಪ್ಪ. ಅಂದಿನಿಂದ ನನಗೂ ನಿದ್ದೆಯಿಲ್ಲ."

ಕುಂಬಾರ ಹೊಸ್ತಿಲ ಮೇಲೆ ಕುಸಿದು ಕೂತ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ ಒಪ್ಪಲಿಲ್ಲ. "ಏನೇ ಆಗಲಿ ಗುರುಗಳೇ, ಆ ನೇಕಾರನಿಗೆ ಅಣ್ಣ ಸತ್ತ ದುಃಖವಿತ್ತಲ್ಲವೇ?"

"ದುಃಖ ಅವನೊಬ್ಬನದು; ಉಳಿದ ನಲವತ್ತು ಮಂದಿಗೆ ಏನಾಗಿತ್ತು?"